ಮಾಸ್ಕನ್ನು ಬಚ್ಚಲ ಒಲೆಗೆ ಹಾಕಬಹುದಾ? ಕೆಳಗಿನ ಮನೆಗೆ ಕೊರೋನಾ ಸೋಂಕು ಬಂದಿದೆ

ಶಿರಸಿ ತೋಟದಮನೆ (ಮೇ 2021):
ನಮ್ಮದು ಶಿರಸಿಯಿಂದ ಒಳಗೆ, ಎರಡೇ ಮನೆಯ ಊರು. ಕೆಳಗಿನ ಮನೆಯ ಮೂವರಿಗೂ ಮೊನ್ನೆ ಪಾಸಿಟಿವ್ ಬಂತು. ನಮ್ಮ ಅತ್ತೆಗೆ 74 ವರ್ಷ, ಸಕ್ಕರೆ ಕಾಯಿಲೆ ಬೇರೆ. ಎರಡು ವಿಷಯ ಕೇಳಬೇಕಿತ್ತು. ಇಲ್ಲಿಗೆ ಕಸದ ಗಾಡಿ ಬರುವುದಿಲ್ಲ, ಅದಕ್ಕೇ ಹಳೆ ಮಾಸ್ಕನ್ನೆಲ್ಲ ಬಚ್ಚಲ ಒಲೆಗೆ ಹಾಕುತ್ತಿದ್ದೇವೆ. ಸುಟ್ಟರೆ ವೈರಸ್ ಸಾಯುತ್ತದಲ್ಲ, ಸರಿ ತಾನೇ? ಇನ್ನೊಂದು, ಅವರಿಗೆ ಊಟ ಕೊಡುವುದು ಹೇಗೆ, ಪಾತ್ರೆ ವಾಪಸ್ ತರಬಹುದಾ? ಭಯ ಇದೆ. ಆದರೆ ನಮ್ಮ ಮಾವ ಮರದಿಂದ ಬಿದ್ದಾಗ ರಾತ್ರಿ ಎರಡು ಗಂಟೆಗೆ ಜೀಪು ತಂದವರು ಅವರೇ. ಬಾಗಿಲು ಹಾಕಿಕೊಂಡು ಕೂರಲು ಮನಸ್ಸು ಬರುತ್ತಿಲ್ಲ.

ಕುಮಟಾ ನರ್ಸಕ್ಕ:
ಒಲೆಗೆ ಹಾಕಬೇಡಿ ತಂಗಿ. ನೀಲಿ ಮಾಸ್ಕು, ಎನ್95 ಎರಡೂ ಪ್ಲಾಸ್ಟಿಕ್ಕೇ, ಪಾಲಿಪ್ರೊಪಿಲೀನ್. ವೈರಸ್ ಸಾಯುತ್ತದೆ, ಆದರೆ ಆ ಹೊಗೆಯನ್ನು ಬಿಸಿನೀರು ಕಾಯಿಸುವವರು ಕುಡಿಯಬೇಕು, ಬೂದಿ ಕೊನೆಗೆ ಅಡಿಕೆ ಮರದ ಬುಡಕ್ಕೇ ಹೋಗುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲೇ ಹೇಳಿದೆ: ಸೋಂಕಿಲ್ಲದ ಮನೆಯವರು ಬಳಸಿದ ಮಾಸ್ಕನ್ನು ಕಾಗದದ ಚೀಲದಲ್ಲಿ 72 ಗಂಟೆ ಇಟ್ಟು, ಕತ್ತರಿಸಿ, ಒಣ ಕಸಕ್ಕೆ ಹಾಕಬೇಕು. ಪೇಟೆಗೆ ಹೋಗುವಾಗ ಒಟ್ಟಿಗೆ ಒಯ್ದರಾಯಿತು. ಕೆಳಗಿನ ಮನೆಯದ್ದು ಬೇರೆ, ಅದು ಸೋಂಕಿನ ಕಸ, ಆಸ್ಪತ್ರೆ ಕಸದ ಹಾಗೆ ಹಳದಿ ಚೀಲಕ್ಕೆ ಹೋಗಬೇಕು. ಆಶಾ ಕಾರ್ಯಕರ್ತೆಗೋ ಪಂಚಾಯತಿಗೋ ಫೋನ್ ಮಾಡಿ, ಅಲ್ಲಿಯವರೆಗೆ ಮುಚ್ಚಳದ ಬಕೆಟ್‌ನಲ್ಲಿ ಕಟ್ಟಿಡಲಿ.

ಪಾತ್ರೆಗೆ ಸೋಪು, ಬಿಸಿನೀರು ಸಾಕು. ಬ್ಲೀಚಿಂಗ್ ಪುಡಿಯನ್ನು ಅಂಗಳಕ್ಕೆಲ್ಲ ಎರಚಬೇಡಿ, ಬಾವಿ ಹತ್ತಿರವಂತೂ ಬೇಡ. ಅದನ್ನು ಆಸಿಡ್ ಜೊತೆ ಬೆರೆಸಲೇಬೇಡಿ, ಕ್ಲೋರಿನ್ ಅನಿಲ ಬರುತ್ತದೆ.

ಮುಖ್ಯವಾದದ್ದು ಇದು. ಅವರ ಹತ್ತಿರ ಆಕ್ಸಿಮೀಟರ್ (ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಯಂತ್ರ) ಇದೆಯಾ ಕೇಳಿ. ಆಮ್ಲಜನಕ 94ಕ್ಕಿಂತ ಕೆಳಗೆ ಬಂದರೆ ಕಷಾಯ ಕುಡಿಯುತ್ತಾ ಕೂರಬಾರದು, ತಕ್ಷಣ ಡಾಕ್ಟರಿಗೆ ಹೇಳಬೇಕು. ಕತ್ತಲೆಯ ನಡುಮನೆಯಲ್ಲಿ ಮಲಗುವುದು ಬೇಡ, ಕಿಟಕಿ ಇರುವ ಕೋಣೆಯಲ್ಲಿ ಮಲಗಲಿ, ಗಾಳಿ ಆಡಬೇಕು. ನಿಮ್ಮ ಅತ್ತೆಗೆ ಲಸಿಕೆ ಆಗಿದೆಯಾ? 45 ದಾಟಿದವರಿಗೆ ಏಪ್ರಿಲ್‌ನಿಂದಲೇ ಕೊಡುತ್ತಿದ್ದಾರೆ.

ಕಾರವಾರ ಕಡಲಂಚು:
ಹೊಳೆಗೂ ಎಸೆಯಬೇಡಿ ದಯವಿಟ್ಟು. ಕಾಳಿ ನದಿ ಸೇರುವ ಕಡೆ, ಇಲ್ಲಿ ಟಾಗೋರ್ ಕಡಲತೀರದಲ್ಲಿ ಬೆಳಿಗ್ಗೆ ನಡೆದರೆ ಅಲೆ ತಂದು ಹಾಕಿದ ಸಾಲಿನಲ್ಲಿ ಮಾಸ್ಕೇ ಮಾಸ್ಕು. ನಮ್ಮ ಕರಾವಳಿಗೆ ಆಲಿವ್ ರಿಡ್ಲಿ ಆಮೆ ಮೊಟ್ಟೆ ಇಡಲು ಬರುತ್ತದೆ, ಅದರ ದಾರಿಯಲ್ಲಿ ಇದು. ಕಿವಿಯ ಲಾಸ್ಟಿಕ್ ಕತ್ತರಿಸಿ ಹಾಕಿ, ಇಲ್ಲದಿದ್ದರೆ ಹಕ್ಕಿಯ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ತೋಟದಲ್ಲಿ ಒಬ್ಬರೇ ಇರುವಾಗ ಮಾಸ್ಕು ಬೇಕಿಲ್ಲ ಅಲ್ವಾ, ಹಾಗೆ ಮಾಡಿದರೆ ಕಸವೇ ಅರ್ಧ ಕಡಿಮೆ.

ಸಿದ್ದಾಪುರ ಕೊಟ್ಟಿಗೆ:
ಹೋದ ತಿಂಗಳು ನಮ್ಮನೆಗೇ ಬಂದಿತ್ತು. ಪಕ್ಕದವರು ಬಾಳೆಎಲೆಯಲ್ಲಿ ಅನ್ನ ಕಟ್ಟಿ, ಗೊಜ್ಜು ಬಾಟ್ಲಿಯಲ್ಲಿ ಹಾಕಿ ಜಗುಲಿ ಕಟ್ಟೆ ಮೇಲಿಟ್ಟು, ದೂರ ನಿಂತು ಕೂಗುತ್ತಿದ್ದರು. ಆ ಕೂಗು ಕೇಳಿದರೇ ಅರ್ಧ ಜ್ವರ ಇಳಿದಂತಾಗುತ್ತಿತ್ತು. ಕಷ್ಟ ಆಗಿದ್ದು ಹಸುಗಳದ್ದು. ಅವು ಹೊಸಬರಿಗೆ ಹಾಲು ಬಿಡಲಿಲ್ಲ, ಕೊನೆಗೆ ಹಳೆಯ ಕರೆಯುವವನನ್ನೇ ಕರೆಸಿದೆವು, ಅವನು ಎನ್95 ಹಾಕಿಕೊಂಡು ಹೊರಗಿನ ಬಾಗಿಲಿನಿಂದ ನೇರ ಕೊಟ್ಟಿಗೆಗೆ ಬಂದು ಹೋಗುತ್ತಿದ್ದ. ಕೆಲವರು ನಮ್ಮ ಹಾಲು ಬೇಡ ಅಂದರು. ಅದು ಕಾಯಿಲೆಗಿಂತ ಜಾಸ್ತಿ ನೋವು ಕೊಟ್ಟಿತು. ಕಾಯಿಸಿದ ಹಾಲಿನಿಂದ ಹರಡುವುದಿಲ್ಲ, ನಿಮ್ಮ ಕೆಳಗಿನ ಮನೆಯ ಹಾಲನ್ನು ಬಿಡಬೇಡಿ.

ಶಿರಸಿ ತೋಟದಮನೆ:
ಎಲ್ಲರಿಗೂ ಧನ್ಯವಾದ. ಅತ್ತೆಗೆ ಮೊದಲ ಡೋಸ್ ಆಗಿದೆ. ಆಕ್ಸಿಮೀಟರ್ ಅವರಲ್ಲಿ ಇಲ್ಲ, ನಮ್ಮದನ್ನು ಕವರಿಗೆ ಹಾಕಿ ಕಟ್ಟೆ ಮೇಲಿಟ್ಟು ಬಂದೆ, ಈಗಷ್ಟೇ ಅಣ್ಣ ಕೂಗಿ ಹೇಳಿದರು, ಮೂವರದ್ದೂ 96ರ ಮೇಲಿದೆ. ಅವರ ಹಸುಗಳ ಹುಲ್ಲು, ಅಕ್ಕಚ್ಚು ನಮ್ಮವರು ನೋಡಿಕೊಳ್ಳುತ್ತಾರೆ. ಹಾಲು ಕರೆಯಲು ಯಾರು ಅಂತ ಮಾತ್ರ ಇನ್ನೂ ಹುಡುಕುತ್ತಿದ್ದೇವೆ, ಹತ್ತಿರದವರು ಯಾರಾದರೂ ಇದ್ದರೆ ಇಲ್ಲೇ ಹೇಳಿ.