ಗಂಜಿ ಹಾಕಿದರೂ ಕುಸಿಯುವ ರಫ್ ಕತ್ತುಪಟ್ಟಿ: ಪರಿಹಾರವೇನು?

ನೂಲೆಳೆ (ಮ್ಯಾಂಚೆಸ್ಟರ್):
ಅಕ್ಟೋಬರ್ 31ರ ಹ್ಯಾಲೋವೀನ್ ಸಂಜೆಗೆ, ತಲೆ ಕಡಿಸಿಕೊಂಡ ಇಂಗ್ಲೆಂಡಿನ ಆನ್ ಬೊಲಿನ್ ರಾಣಿಯ ದೆವ್ವದ ವೇಷ ಸಿದ್ಧಪಡಿಸುತ್ತಿದ್ದು, ಅದಕ್ಕಾಗಿ 8 ಅಂಕಿಯ ಆಕಾರದ ನಿರಿಗೆಗಳುಳ್ಳ ಬಿಳಿ ರಫ್ (ಕತ್ತಿನ ಸುತ್ತ ನಿಲ್ಲುವ ನಿರಿಗೆಪಟ್ಟಿ) ಒಂದನ್ನು ಕೈಯಲ್ಲೇ ಹೊಲಿದಿದ್ದೇನೆ. ಕತ್ತಿನ ಸುತ್ತಳತೆ 38 ಸೆಂ.ಮೀ., ಪಟ್ಟಿಯ ಅಗಲ 8 ಸೆಂ.ಮೀ., ಉದ್ದ 3 ಮೀಟರ್. ಬಟ್ಟೆ ಪಾಲಿಯೆಸ್ಟರ್ ಬೆರೆತ ಹತ್ತಿ. ಅಕ್ಕಿಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಅದರಲ್ಲಿ ಅದ್ದಿ ಒಣಗಿಸಿದರೆ ಬಿಳಿ ಪುಡಿ ಉದುರುತ್ತದೆಯೇ ಹೊರತು ಬಿಗಿ ಬರುವುದಿಲ್ಲ. ಗದ್ದದ ಕೆಳಗೆ ನಿರಿಗೆಗಳು ಚಪ್ಪಟೆಯಾಗಿ ಜೋತುಬೀಳುತ್ತವೆ. ದಯವಿಟ್ಟು ಮಾರ್ಗ ಸೂಚಿಸಿ.

ಹಳೆಯಸೂಜಿ:
ಪುಡಿ ಉದುರುವುದಕ್ಕೆ ಕಾರಣ ಹಿಟ್ಟು ಬೇಯದಿರುವುದು. ಪಿಷ್ಟದ ಕಣಗಳು ಬಿಸಿನೀರಿನಲ್ಲಿ, ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ಉಬ್ಬಿ ಅಂಟಾದರೆ ಮಾತ್ರ ನೂಲಿನೊಳಗೆ ಇಳಿಯುತ್ತವೆ. ಆದ್ದರಿಂದ ಪಂಚೆಗೆ ಹಾಕುವ ಗಂಜಿಯಂತೆಯೇ ಕುದಿಸಿ, ಸೋಸಿ, ಅದಕ್ಕಿಂತ ಗಟ್ಟಿಯಾಗಿ ಬಳಸಿ. ಪಾಲಿಯೆಸ್ಟರ್ ನೂಲು ನೀರನ್ನೇ ಹೀರುವುದಿಲ್ಲವಾದ್ದರಿಂದ ಶುದ್ಧ ಹತ್ತಿಯ ಮಲ್‌ಮಲ್ ಅಥವಾ ತೆಳುವಾದ ಲಿನನ್ ತೆಗೆದುಕೊಳ್ಳುವುದು ಒಳ್ಳೆಯದು.

ಆದರೆ ನನ್ನ ಅಭಿಪ್ರಾಯದಲ್ಲಿ ಗಂಜಿಗಿಂತ ದೊಡ್ಡ ಕೊರತೆ ಇರುವುದು ಉದ್ದದಲ್ಲಿ. ಕತ್ತಿನ ಸುತ್ತಳತೆ 38 ಸೆಂ.ಮೀ. ಎಂದರೆ ತ್ರಿಜ್ಯ ಸುಮಾರು 6. ಅದಕ್ಕೆ ಪಟ್ಟಿಯ ಅಗಲ 8 ಸೇರಿಸಿದರೆ 14, ಅಂದರೆ ಹೊರ ಅಂಚಿನ ಸುತ್ತಳತೆ ಸುಮಾರು 88 ಸೆಂ.ಮೀ. ಆ ಅಂಚಿನಲ್ಲಿ 3 ಮೀಟರ್ ಬಟ್ಟೆ ಮೂರೂವರೆ ಪಟ್ಟು ಮಾತ್ರ ಆಗುವುದರಿಂದ ನಿರಿಗೆಗಳು ಒಂದಕ್ಕೊಂದು ಆನಿಕೊಳ್ಳದೆ ಮಲಗಿಬಿಡುತ್ತವೆ. 6 ಮೀಟರ್ ಇಟ್ಟರೆ ಅವು ಪರಸ್ಪರ ಒತ್ತಿಕೊಂಡು ತಾವೇ ನಿಲ್ಲುತ್ತವೆ.

ಗಂಜಿ ಹಸಿಯಾಗಿರುವಾಗಲೇ ಪ್ರತಿ ಸುರುಳಿಯೊಳಗೆ ಪ್ಲಾಸ್ಟಿಕ್ ಹಾಳೆ ಸುತ್ತಿದ ರಟ್ಟಿನ ಕೊಳವೆ ಇಟ್ಟು, ಪಕ್ಕದ ಸುರುಳಿಗಳು ತಾಗುವಲ್ಲಿ ತುಕ್ಕು ಹಿಡಿಯದ ಗುಂಡುಸೂಜಿ ಚುಚ್ಚಿ ಒಣಗಿಸಿ. ರಫ್ ರೂಢಿಯಲ್ಲಿದ್ದ 16ನೇ ಶತಮಾನದವರು ಇದಕ್ಕೆ ಕಾಯಿಸಿದ ಲೋಹದ ಕಡ್ಡಿಗಳನ್ನು ಬಳಸುತ್ತಿದ್ದರು. ಕೂದಲು ಸುರುಳಿ ಮಾಡುವ ವಿದ್ಯುತ್ ಕಡ್ಡಿಯಿಂದ ನಮಗೂ ಆ ಕೆಲಸವಾಗುತ್ತದೆ. ಗಂಜಿ ಹಾಕುವುದೇ ಆಗ ಹಣ ತೆತ್ತು ಕಲಿಯುವ ವಿದ್ಯೆಯಾಗಿತ್ತು: 1564ರಲ್ಲಿ ಲಂಡನ್ನಿಗೆ ಬಂದ ಫ್ಲಾಂಡರ್ಸ್‌ನ ಡಿಂಗೆನ್ ವಾನ್ ಡೆರ್ ಪ್ಲಾಸ್ಸೆ ಎಂಬಾಕೆ ಅದನ್ನು ಕಲಿಸಿಯೇ ಹೆಸರಾದರು.

ಕಸೂತಿಪ್ರಿಯ:
ವಿಷಯಾಂತರವೆನಿಸಿದರೆ ಕ್ಷಮಿಸಿ. ಆನ್ ಬೊಲಿನ್ ಮರಣದಂಡನೆಗೆ ಗುರಿಯಾದದ್ದು 1536ರಲ್ಲಿ. ಇಷ್ಟು ದೊಡ್ಡ ರಫ್ ಬಳಕೆಗೆ ಬಂದದ್ದು ಆಕೆಯ ಮಗಳು ಮೊದಲನೆಯ ಎಲಿಜಬೆತ್ ಆಳಿದ ಕಾಲದಲ್ಲಿ. ತಲೆ ಕಡಿಸಿಕೊಂಡ ರಾಣಿಯೇ ಬೇಕಾದರೆ 1587ರಲ್ಲಿ ಫಾದರಿಂಗೇ ಕೋಟೆಯಲ್ಲಿ ಸತ್ತ ಸ್ಕಾಟ್ಲೆಂಡಿನ ಮೇರಿ ಇದ್ದಾಳೆ. ಹೊಲಿದ ರಫ್ ವ್ಯರ್ಥವಾಗುವುದಿಲ್ಲ.

ನೂಲೆಳೆ:
ಇಬ್ಬರಿಗೂ ಧನ್ಯವಾದಗಳು; ವೇಷ ಮೇರಿಯದೇ ಆಗಲಿ. ಮಲ್‌ಮಲ್ ತಂದು 6 ಮೀಟರ್ ಪಟ್ಟಿಯನ್ನು ಹೊಸದಾಗಿ ಹೊಲಿಯುತ್ತೇನೆ. ಇಲ್ಲಿ ಅಕ್ಟೋಬರ್ ಕೊನೆಯಲ್ಲಿ ಮಳೆ ಬಂದರೆ ಗಂಜಿ ತಡೆಯುವುದೇ?

ಹಳೆಯಸೂಜಿ:
ತಡೆಯುವುದಿಲ್ಲ, ಪಿಷ್ಟ ತೇವ ಹೀರಿದೊಡನೆ ಮೆತ್ತಗಾಗುತ್ತದೆ, ಅಂದಿನವರ ರಫ್‌ಗಳೂ ಮಳೆಗೆ ಸಿಕ್ಕಿ ಹೀಗೆಯೇ ಕುಸಿಯುತ್ತಿದ್ದವು. ಮನೆಯಿಂದ ಮನೆಗೆ ನಡೆಯುವುದಾದರೆ ಹೊರ ಅಂಚಿನ ಮಡಿಕೆಯೊಳಗೆ ಮೀನು ಹಿಡಿಯುವ ದಪ್ಪ ತಂಗೂಸಿಯನ್ನು ಪೋಣಿಸಿ. ಅದು ಇತಿಹಾಸಕ್ಕೆ ನಿಷ್ಠವಲ್ಲ, ಆದರೆ ರಾತ್ರಿಯ ಬೆಳಕಿನಲ್ಲಿ ಕಾಣದು. ಗದ್ದದ ಕೆಳಗಿನ ಭಾರಕ್ಕೆ ಮಾತ್ರ ಬಿಳಿ ನೂಲು ಸುತ್ತಿದ ತಂತಿಯ ಚೌಕಟ್ಟನ್ನು ಅಡಿಯಲ್ಲಿ ಕಟ್ಟಿ; ಅಂಥ ಆಸರೆ ಆ ಕಾಲದಲ್ಲೂ ಇತ್ತು. ತಂತಿಯ ತುದಿಗಳನ್ನು ಒಳಕ್ಕೆ ಬಗ್ಗಿಸಿ ಬಟ್ಟೆ ಸುತ್ತದೆ ಕತ್ತಿಗೆ ಹಾಕಿಕೊಳ್ಳಬೇಡಿ.