ಅತ್ತೆ-ಮಾವನ ಜೊತೆ ಸುಲಭದ ಸುತ್ತು ನಡಿಗೆ, ಲಂಡನ್ ಹತ್ತಿರ ಎಲ್ಲಿ? ಅನುಭವ ಹೇಳಿ

ಸ್ಲೌ ಸೊಸೆ: ಏಪ್ರಿಲ್ ಕೊನೆಗೆ ಅತ್ತೆ-ಮಾವ ದಾವಣಗೆರೆಯಿಂದ ಬರುತ್ತಿದ್ದಾರೆ. ಮಾವನಿಗೆ ಮಂಡಿ ನೋವು. ಅತ್ತೆ ಸೀರೆ, ಚಪ್ಪಲಿ ಬಿಟ್ಟು ಬೇರೆ ಹಾಕುವುದಿಲ್ಲ. ದೊಡ್ಡ ಮರ, ಜಿಂಕೆ, ಸ್ವಲ್ಪ ಕಾಡು ಇರುವ, ಹೊರಟ ಜಾಗಕ್ಕೇ ಬಂದು ಸೇರುವ ದಾರಿ ಬೇಕು. ಮೂರು-ನಾಲ್ಕು ಮೈಲಿ ಸಾಕು. ಕಾರಲ್ಲಿ ಒಂದು ಗಂಟೆ ಒಳಗೆ ತಲುಪುವಂತಿರಲಿ. ಹೋಗಿ ಬಂದವರು ಹೇಳಿ ಪ್ಲೀಸ್.

ಬೆಣ್ಣೆದೋಸೆ: ವರ್ಜೀನಿಯಾ ವಾಟರ್. ಬೇರೆ ಯಾವುದನ್ನೂ ನೋಡಲೇಬೇಡಿ. ವಿಂಡ್ಸರ್ ಗ್ರೇಟ್ ಪಾರ್ಕಿನ ದಕ್ಷಿಣದ ತುದಿ. ಕೆರೆ ಸುತ್ತ ಸುಮಾರು ನಾಲ್ಕೂವರೆ ಮೈಲಿ, ಬಹುಪಾಲು ಗಟ್ಟಿ ದಾರಿ. ನಮ್ಮಮ್ಮನಿಗೆ ಎರಡೂ ಮಂಡಿ ಆಪರೇಷನ್ ಆಗಿದೆ, ಆದರೂ ಪೂರ್ತಿ ಸುತ್ತಿದರು. ದಾರಿಯಲ್ಲಿ ನೂರು ಅಡಿಯ ಟೋಟೆಮ್ ಕಂಬ ಸಿಗುತ್ತದೆ, 1958ರಲ್ಲಿ ಬ್ರಿಟಿಷ್ ಕೊಲಂಬಿಯಾದಿಂದ ಬಂದದ್ದು. ಆಮೇಲೆ ರೋಮನ್ ಕಾಲದ ಕಂಬಗಳು, ಲಿಬಿಯಾದ ಲೆಪ್ಟಿಸ್ ಮ್ಯಾಗ್ನಾದಿಂದ ತಂದು ನಿಲ್ಲಿಸಿದ್ದು. ಅಮ್ಮ ಅದನ್ನು ನೋಡಿ, "ಸದ್ಯ ಹಂಪಿ ಉಳಿಯಿತು" ಅಂದರು. ವ್ಯಾಲಿ ಗಾರ್ಡನ್ಸ್ ಕಡೆ ಹತ್ತಿದರೆ ಅಜೇಲಿಯಾ ಹೂವು. ನನ್ನ ನಾದಿನಿ ಮಾತ್ರ "ಇದೇನು ಕಾಡಾ" ಅಂತ ಇವತ್ತಿಗೂ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ.

ತೀರ್ಥಹಳ್ಳಿ ಹೈದ: ನಿಮ್ಮ ನಾದಿನಿ ಸರಿಯಾಗಿಯೇ ಹೇಳಿದ್ದಾರೆ. ಕೆರೆ ಸುತ್ತ ಜಿಂಕೆ ಎಲ್ಲಿದೆ ಸ್ವಾಮಿ? ಅದು ಇರುವುದು ವಿಂಡ್ಸರ್ ಅರಮನೆ ಎದುರಿನ ಲಾಂಗ್ ವಾಕ್ ಕಡೆ, ಬೇಲಿಯೊಳಗೆ. ಗಟ್ಟಿ ದಾರಿಯಲ್ಲಿ ಸುತ್ತುವುದಕ್ಕೆ ಲಾಲ್‌ಬಾಗ್ ಸಾಲದಾ?

ಆಶ್‌ರಿಜ್‌ಗೆ ಹೋಗಿ. ಹಳೇ ಜಾಗ, ಕಟ್ಟಡ ಕಾಪಾಡುವ ನ್ಯಾಷನಲ್ ಟ್ರಸ್ಟ್‌ ಜಾಗ, ಸುಮಾರು ಐದು ಸಾವಿರ ಎಕರೆ. ಕಲ್ಲಿದ್ದಲು ಸಾಗಿಸಲು ಕಾಲುವೆ ತೋಡಿಸಿದ ಬ್ರಿಜ್‌ವಾಟರ್ ಡ್ಯೂಕ್‌ನ ಎಸ್ಟೇಟ್ ಅದು. ಅವನ ನೆನಪಿಗೆ 1832ರ ಕಂಬ ಇದೆ, ಒಳಗೆ 172 ಮೆಟ್ಟಿಲು. ಮಾವನಿಗೆ ಹೇಳಬೇಡಿ, ಹತ್ತುತ್ತೇನೆ ಅಂದಾರು. ಅಲ್ಲಿಂದ ಬೀಚ್ ಮರಗಳ ಕೆಳಗೆ ಸುತ್ತು ಹೊಡೆದರೆ ಫ್ಯಾಲೋ ಜಿಂಕೆ ಕಂಡೇ ಕಾಣುತ್ತವೆ. ಏಪ್ರಿಲ್ ಕೊನೆ ಅಂದರೆ ಬ್ಲೂಬೆಲ್ ಹೂವಿನ ಕಾಲ ಬೇರೆ.

ಖರ್ಚು ಕೇಳಿ. ಶೂ 95 ಪೌಂಡ್, ವಾಟರ್‌ಪ್ರೂಫ್ ಅಂತ ಪೆಟ್ಟಿಗೆ ಮೇಲೆ ಬರೆದಿತ್ತು. ಅದರೊಳಗೆ ಹಾಕುವ ಉಣ್ಣೆಯ ಸಾಕ್ಸ್ 18. ನೀಲಿ ಬಾಣದ ದಾರಿ ಹಿಡಿದೆವು, ಅಲ್ಲಿ ಕುದುರೆಗಳೂ ಓಡಾಡುತ್ತವೆ, ಪಾದ ಹೂತು ಹೋಗುವಷ್ಟು ಕೆಸರು. ಶೂ ಒಳಗೆ ನೀರು. ಅಂಗಡಿಗೆ ವಾಪಸ್ ಒಯ್ದರೆ "ಬಳಸಿದ್ದೀರಿ" ಅಂದರು. ಬಳಸದೆ ನೀರು ಬರುತ್ತದೆ ಅಂತ ಗೊತ್ತಾಗುವುದು ಹೇಗೆ? ವಾರಗಟ್ಟಲೆ ಮೇಲ್ ಬರೆದು ಕೊನೆಗೆ 40 ಪೌಂಡಿನ ವೋಚರ್ ಸಿಕ್ಕಿತು. ಅದೂ ಅದೇ ಅಂಗಡಿಗೆ.

ಸ್ಲೌ ಸೊಸೆ: ಟಾಯ್ಲೆಟ್ ಎಲ್ಲೆಲ್ಲಿ ಇದೆ ಅಂತಲೂ ಹೇಳಿ.

ಕ್ರಾಯ್ಡನ್ ಅಕ್ಕ: ಕೆಸರು ಅಂತ ನಗುತ್ತಾ ಹೇಳುತ್ತೀರಲ್ಲ, ನಮ್ಮಮ್ಮ ಒಂದು ಎಸ್ಟೇಟ್ ಕಾಡಿನಲ್ಲಿ ಬೇರಿನ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡರು. ಅದೂ "ಈಸಿ" ಅಂತ ಬೋರ್ಡ್ ಹಾಕಿದ್ದ ದಾರಿ. ಎಮರ್ಜೆನ್ಸಿಯಲ್ಲಿ ಎಕ್ಸ್‌ರೇ, ಪಟ್ಟಿ ಎಲ್ಲ ಉಚಿತ. ಆಪರೇಷನ್ ಬೇಕು ಅಂತ ವಾರ್ಡಿಗೆ ಸೇರಿಸಿದ ಮೇಲೆ ಬಿಲ್ ಶುರು. ವಿಸಿಟರ್ ವೀಸಾದವರಿಗೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ದರದ ಶೇ. 150 ಹಾಕುತ್ತಾರೆ. ಪ್ಲೇಟು, ಸ್ಕ್ರೂ, ಒಂದು ರಾತ್ರಿ, ಎಲ್ಲ ಸೇರಿ ಐದು ಸಾವಿರ ಪೌಂಡ್ ದಾಟಿತು. ಇನ್ಶೂರೆನ್ಸ್‌ನವರು ಮೊದಲು ಡಿಸ್ಚಾರ್ಜ್ ಸಮ್ಮರಿ ಕೇಳಿದರು. ಆಮೇಲೆ ಪಾಸ್‌ಪೋರ್ಟಿನ ಎಲ್ಲ ಪುಟ. ಆಮೇಲೆ ಊರಿನ ಡಾಕ್ಟರ ಹಳೇ ಚೀಟಿ. ಅದರಲ್ಲಿ ಕ್ಯಾಲ್ಸಿಯಂ ಮಾತ್ರೆ ನೋಡಿ "ಮೂಳೆ ಸವೆತ ಮೊದಲೇ ಇತ್ತು" ಅಂತ ಅರ್ಧ ಕತ್ತರಿಸಿದರು. ಐವತ್ತು ದಾಟಿದ ಯಾವ ಹೆಂಗಸು ಕ್ಯಾಲ್ಸಿಯಂ ತಗೊಳ್ಳುವುದಿಲ್ಲ ಹೇಳಿ?

ಬೆಣ್ಣೆದೋಸೆ: ನೋಡಿ, ಅದಕ್ಕೇ ಗಟ್ಟಿ ದಾರಿ ಅಂದದ್ದು.

ತೀರ್ಥಹಳ್ಳಿ ಹೈದ: ಗಟ್ಟಿ ದಾರಿಯಲ್ಲಿ ಬಿದ್ದರೆ ಇನ್ನೂ ಜೋರಾಗಿ ಮುರಿಯುತ್ತದೆ.

ಕ್ರಾಯ್ಡನ್ ಅಕ್ಕ: ನಿಮ್ಮ ತಾಯಿಗೆ ಹಾಗಾಗಿದ್ದರೆ ಈ ಮಾತು ಬರುತ್ತಿತ್ತಾ?

ಮೂಡಿಗೆರೆ ಮಂಜು: ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಟಿಕೆಟ್, ವೀಸಾ, ಇನ್ಶೂರೆನ್ಸ್ ಅಂತ ಲಕ್ಷಗಟ್ಟಲೆ ಸುರಿದು ಹಿರಿಯರನ್ನು ಕರೆಸಿ ಮರ ತೋರಿಸುವುದಾ? ನಮ್ಮ ಕಡೆ ಬನ್ನಿ, ಕಾಫಿ ತೋಟದಲ್ಲಿ ಬೇಕಾದಷ್ಟು ನಡೆಯಿರಿ.

ಲೆಸ್ಟರ್ ಲೆಕ್ಕಿಗ: ನಿಮ್ಮ ತೋಟದಲ್ಲಿ ನೀವು ನಡೆಯುತ್ತೀರಿ. ಪಕ್ಕದವರ ತೋಟಕ್ಕೆ ನಾನು ಕಾಲಿಟ್ಟರೆ ಮೊದಲು ನಾಯಿ ಬರುತ್ತದೆ, ಹಿಂದೆಯೇ ತೋಟ ನೋಡಿಕೊಳ್ಳುವ ರೈಟರ್. ಇಲ್ಲಿ ಪಬ್ಲಿಕ್ ಫುಟ್‌ಪಾತ್ ಅಂದರೆ ಹಕ್ಕು. ಹಳದಿ ಬಾಣ ಇದ್ದರೆ ಲಾರ್ಡ್ ಸಾಹೇಬರ ಬಂಗಲೆ ಎದುರೇ ಹಾದು ಹೋಗಬಹುದು, ಬೇಡ ಅನ್ನುವಂತಿಲ್ಲ. ನಾನು ಇಂಗ್ಲೆಂಡ್ ಬಿಟ್ಟು ಹೋಗದೆ ಇರುವುದಕ್ಕೆ ಇದೂ ಒಂದು ಕಾರಣ, ನಂಬಿದರೆ ನಂಬಿ.

ತೀರ್ಥಹಳ್ಳಿ ಹೈದ: ಎಲ್ಲ ದಾರಿಯೂ ಹಕ್ಕಿನದಲ್ಲ ಸಾರ್. ಎಸ್ಟೇಟ್ ಕಾಡುಗಳಲ್ಲಿ ಎಷ್ಟೋ ದಾರಿ ಮಾಲೀಕರು ಬಿಟ್ಟುಕೊಟ್ಟದ್ದು. ಬೇಡ ಅನ್ನಿಸಿದ ದಿನ ಗೇಟು ಹಾಕುತ್ತಾರೆ. ಮ್ಯಾಪ್ ನೋಡಿ ಮಾತಾಡಿ.

ಲೆಸ್ಟರ್ ಲೆಕ್ಕಿಗ: ಸರ್ಕಾರಿ ಭೂಪಟ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ಮ್ಯಾಪಿನಲ್ಲಿ ಹಸಿರು ಗೆರೆ ಹಕ್ಕಿನ ದಾರಿ, ಕಿತ್ತಳೆ ಗೆರೆ ಅನುಮತಿಯದ್ದು. ಇದನ್ನೂ ನೀವು ನನಗೆ ಕಲಿಸಬೇಕಾ?

ಕೆಂಟ್ ಕಮಲಕ್ಕ: ಜಿಂಕೆ ಬೇಕು ಅಂದವರಿಗೆ ಯಾರೂ ನೋಲ್ ಪಾರ್ಕ್ ಹೇಳಲಿಲ್ಲವಲ್ಲ! ಸೆವೆನೋಕ್ಸ್‌ನಲ್ಲಿದೆ. ನಡೆದು ಹೋಗುವವರಿಗೆ ಪಾರ್ಕ್ ಪುಕ್ಕಟೆ. ಫ್ಯಾಲೋ, ಸೀಕಾ ಎರಡೂ ಜಾತಿಯ ಜಿಂಕೆ ಇವೆ. 1987ರ ಅಕ್ಟೋಬರ್ ಬಿರುಗಾಳಿಗೆ ಅಲ್ಲಿನ ಬಹುಪಾಲು ಮರ ಒಂದೇ ರಾತ್ರಿ ಉರುಳಿದವು. ಈಗ ಕಾಣುವ ಎಷ್ಟೋ ಮರ ಆಮೇಲೆ ನೆಟ್ಟದ್ದು. ನಮ್ಮ ಮಕ್ಕಳು ಕ್ಯಾರೆಟ್ ಕೊಟ್ಟರು, ಕೈಯಿಂದಲೇ ತಿಂದವು. ಎಷ್ಟು ಚೆಂದ ಗೊತ್ತಾ!

ತೀರ್ಥಹಳ್ಳಿ ಹೈದ: ಜಿಂಕೆಗೆ ತಿನ್ನಿಸಬಾರದು ಅಂತ ಅಲ್ಲೇ ಬೋರ್ಡಿದೆ ಮೇಡಂ. ಹೀಗೆ ತಿನ್ನಿಸಿ ತಿನ್ನಿಸಿಯೇ ಅವು ಜನರ ಚೀಲಕ್ಕೆ ಬಾಯಿ ಹಾಕುವುದು. 50 ಮೀಟರ್ ದೂರ ಇರಬೇಕು.

ಕೆಂಟ್ ಕಮಲಕ್ಕ: ಒಂದು ಕ್ಯಾರೆಟ್‌ಗೆ ಇಷ್ಟು ಪಾಠವಾ? ನಿಮ್ಮ 95 ಪೌಂಡ್ ಶೂ ಕಥೆ ನಾವು ಸುಮ್ನೆ ಕೇಳಿಲ್ಲವಾ?

ಸ್ಲೌ ಸೊಸೆ: ದಯವಿಟ್ಟು, ಬೆಂಚು ಎಷ್ಟು ದೂರಕ್ಕೊಂದು ಇದೆ ಅಂತ ಯಾರಿಗಾದರೂ ಗೊತ್ತಾ? ಮಾವ ಆಗಾಗ ಕೂರಬೇಕು.

ರೀಡಿಂಗ್ ರಾಯರು: ಬೆಂಚಿಗಿಂತ ಮೊದಲು ಪಾರ್ಕಿಂಗ್ ನೋಡಿಕೊಳ್ಳಿ. ಒಂದು ಎಸ್ಟೇಟಿನ ಪಕ್ಕ ಖಾಸಗಿಯವರ ಪಾರ್ಕಿಂಗ್. ಯಂತ್ರ ಕೆಟ್ಟಿತ್ತು, ಆ್ಯಪ್‌ಗೆ ಸಿಗ್ನಲ್ ಇರಲಿಲ್ಲ. ಮನೆಗೆ 100 ಪೌಂಡಿನ ಚೀಟಿ ಬಂತು, 14 ದಿನದೊಳಗೆ ಕಟ್ಟಿದರೆ 60. ನಾನು ಕಟ್ಟಿಲ್ಲ, ಕಟ್ಟುವುದೂ ಇಲ್ಲ.

ಲೆಸ್ಟರ್ ಲೆಕ್ಕಿಗ: ಮೊದಲು ಆ ಕಂಪನಿಗೇ ಅಪೀಲು ಹಾಕಿ. ತಿರಸ್ಕರಿಸಿದರೆ ಪಾಪ್ಲಾ ಅನ್ನುವ ಸ್ವತಂತ್ರ ಸಂಸ್ಥೆಗೆ ಅಪೀಲು ಹಾಕಲು ಕೋಡ್ ಕೊಡಬಹುದು. ಆದರೆ ಅಲ್ಲೂ ಸೋತರೆ 60ರ ಆಸೆ ಬಿಡಿ, ಪೂರ್ತಿ 100. ಯಂತ್ರ ಕೆಟ್ಟಿದ್ದಕ್ಕೆ ಫೋಟೋ ಇದೆಯಾ?

ರೀಡಿಂಗ್ ರಾಯರು: ಇದೆಯಲ್ಲ. ಯಂತ್ರದ ಮುಂದೆ ಅಪ್ಪ ನಿಂತಿದ್ದಾರೆ.

ಲೆಸ್ಟರ್ ಲೆಕ್ಕಿಗ: ಸ್ಕ್ರೀನ್ ಕಾಣುತ್ತದಾ?

ರೀಡಿಂಗ್ ರಾಯರು: ಅಪ್ಪ ಸ್ವಲ್ಪ ದಪ್ಪ.