ಕೋಲಾರದ ಬೋರ್ ನೀರಿಗೆ ಯಾವ ಮೀನು ಒಗ್ಗುತ್ತದೆ?

ಕೇಳಿದವರು, ಕೋಲಾರ: ಎರಡು ಅಡಿ ಉದ್ದ, ಒಂದೊಂದು ಅಡಿ ಅಗಲ-ಎತ್ತರದ ಟ್ಯಾಂಕ್ ತಂದಿದ್ದೇವೆ. ಮನೆಗೆ ಬರುವುದು ಬೋರ್ ನೀರು. ಮಗಳಿಗೆ ನಿಯಾನ್ ಟೆಟ್ರಾ, ಗೋಲ್ಡ್‌ಫಿಶ್, ಏಂಜೆಲ್ ಎಲ್ಲಾ ಬೇಕಂತೆ. ಯಾವುದು ಬದುಕುತ್ತದೆ? ಸಾಕಿದವರು ದಯವಿಟ್ಟು ಹೇಳಿ.

ಚಿಕ್ಕಬಳ್ಳಾಪುರದಿಂದ: ಸರ್, ಅಂಗಡಿಗೆ ಹೋಗುವ ಮೊದಲು ನಿಮ್ಮ ನೀರು ನೋಡಿ. ಬೇಳೆ ಬೇಗ ಬೇಯುವುದಿಲ್ಲವೇ? ಸೋಪು ನೊರೆ ಬರುವುದಿಲ್ಲವೇ? ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತದೆಯೇ? ಹಾಗಿದ್ದರೆ ಅದು ಗಡಸು ನೀರು. ನಮ್ಮದೂ ಅದೇ. ಗಪ್ಪಿ, ಮಾಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಇಂಥ ನೀರಿನಲ್ಲಿ ಚೆನ್ನಾಗಿರುತ್ತವೆ. ನಮ್ಮ ಮನೆಯಲ್ಲಿ ಮರಿ ಹಾಕಿ ಹಾಕಿ ಟ್ಯಾಂಕ್ ತುಂಬಿಸಿವೆ. ನಿಯಾನ್ ಟೆಟ್ರಾ ಅಮೆಜಾನ್ ಕಡೆಯ ಮೆದು ನೀರಿನ ಮೀನು. ನಮ್ಮ ನೀರಿನಲ್ಲಿ ಅದಕ್ಕೆ ಸುಮ್ನೆ ಹಿಂಸೆ. ಗೋಲ್ಡ್‌ಫಿಶ್‌ಗೆ ತಂಪು ನೀರು ಬೇಕು, ಗಲೀಜೂ ಜಾಸ್ತಿ ಮಾಡುತ್ತದೆ, ಇವುಗಳ ಜೊತೆ ಹಾಕಬೇಡಿ. ಏಂಜೆಲ್‌ಗೆ ಒಂದು ಅಡಿ ಎತ್ತರ ಸಾಲದು. ದೊಡ್ಡದಾದ ಮೇಲೆ ಸಣ್ಣ ಮೀನನ್ನು ನುಂಗುತ್ತದೆ ಕೂಡ.

ಗಪ್ಪಿ ತಂದರೆ ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರಲಿ, ಇಲ್ಲದಿದ್ದರೆ ಗಂಡು ಹೆಣ್ಣನ್ನು ಅಟ್ಟಾಡಿಸಿ ಸುಸ್ತು ಮಾಡುತ್ತದೆ. ಮರಿ ಬೇಡವೆಂದರೆ ಬರೀ ಗಂಡು ತನ್ನಿ, ಬಣ್ಣವೂ ಅವಕ್ಕೇ ಜಾಸ್ತಿ. ಮಗಳಿಗೂ ಖುಷಿಯಾಗುತ್ತದೆ.

ತುಮಕೂರಿನಿಂದ: ಡಿಸೆಂಬರ್, ಜನವರಿ ರಾತ್ರಿ ಮರೆಯಬೇಡಿ. ನಿಮ್ಮ ಟ್ಯಾಂಕಿಗೆ ಹೆಚ್ಚುಕಡಿಮೆ 55 ಲೀಟರ್ ನೀರು ಹಿಡಿಯುತ್ತದೆ, 50 ವಾಟ್ ಹೀಟರ್ ಸಾಕು. 24ರಿಂದ 26 ಡಿಗ್ರಿ ಇಟ್ಟರೆ ಚೆನ್ನ. ಇನ್ನೊಂದು ಮಾತು. ಟ್ಯಾಂಕ್ ಇಟ್ಟ ದಿನವೇ ಮೀನು ಬಿಡಬೇಡಿ. ಮೀನಿನ ಗಲೀಜಿನಿಂದ ಅಮೋನಿಯಾ ಬರುತ್ತದೆ, ಅದು ವಿಷ. ಅದನ್ನು ಅರಗಿಸುವ ಬ್ಯಾಕ್ಟೀರಿಯಾ ಫಿಲ್ಟರ್ ಸ್ಪಂಜಿನಲ್ಲಿ ಬೆಳೆಯಲು ಕೆಲವು ವಾರ ಬೇಕು. ನಿಮ್ಮ ಪರಿಚಯದವರ ಹಳೇ ಟ್ಯಾಂಕಿನ ಸ್ಪಂಜು ಸಿಕ್ಕರೆ ಹಾಕಿ, ಬೇಗ ಆಗುತ್ತದೆ. ಆಮೇಲೂ ಆ ಸ್ಪಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ.

ಮಾಲೂರಿನಿಂದ: ಅಂಗಡಿಯಲ್ಲಿ ‘ಪಾಚಿ ತಿನ್ನುತ್ತೆ, ತಗೊಳ್ಳಿ’ ಎಂದು ಸಣ್ಣ ಸಕರ್ ಮೀನು ಕೊಡುತ್ತಾರೆ. ಅದು ಒಂದು ಅಡಿಗಿಂತ ಉದ್ದ ಬೆಳೆಯುತ್ತದೆ. ಆಮೇಲೆ ಜನ ತಗೊಂಡು ಹೋಗಿ ಕೆರೆಗೆ ಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನಿಂದ ಶುದ್ಧೀಕರಿಸಿ ಬಿಡುವ ಕೊಳಚೆ ನೀರು, ನಮ್ಮ ಕೆರೆಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹರಿಯುತ್ತಿದೆ. ಒಂದು ಕೆರೆಗೆ ಬಿಟ್ಟ ಮೀನು ಅಲ್ಲೇ ಉಳಿಯುತ್ತದೆ ಅನ್ನುವಂತಿಲ್ಲ. ಈ ಸಕರ್ ಎಷ್ಟೋ ಊರುಗಳ ಕೆರೆಗಳಲ್ಲಿ ನಮ್ಮ ಮೀನುಗಳಿಗೆ ಕುತ್ತು ತಂದಿದೆ. ಬೇಡವಾದರೆ ಅಂಗಡಿಗೇ ವಾಪಸ್ ಕೊಡಿ.

ಕೇಳಿದವರು: ತುಂಬಾ ಉಪಕಾರ ಆಯ್ತು. ಗಪ್ಪಿ, ಪ್ಲಾಟಿ ಅಂತ ಮಗಳು ಒಪ್ಪಿದಳು. ಆದರೂ ನಿಯಾನ್ ಬೇಕು ಅಂದರೆ ಆರ್‌ಒ ನೀರು ಹಾಕಬಹುದಾ?

ಚಿಕ್ಕಬಳ್ಳಾಪುರದಿಂದ: ಬರೀ ಆರ್‌ಒ ಬೇಡ, ಅದರಲ್ಲಿ ಖನಿಜವೇ ಇರುವುದಿಲ್ಲ. ಬೋರ್ ನೀರಿನ ಜೊತೆ ಬೆರೆಸಬೇಕು, ಪ್ರತಿ ಸಲ ನೀರು ಬದಲಿಸುವಾಗಲೂ ಅದೇ ಅಳತೆ ಇರಬೇಕು. ಈಗಿನ ಟ್ಯಾಂಕಿನ ಗಪ್ಪಿಗಳಿಗೆ ಅದು ಬೇಕಿಲ್ಲ. ನಿಯಾನ್‌ಗೆ ಮುಂದೆ ಬೇರೆ ಟ್ಯಾಂಕ್ ಇಡಿ.